ಬಿದ್ದ ಕ್ಲಬ್, ಮಾರಿದ ಮಾಲೀಕ: ಸಂಡರ್‌ಲ್ಯಾಂಡ್ ಅಭಿಮಾನಿಗಳ ಸಿಟ್ಟು ಎಲ್ಲಿಂದ ಬಂತು?

2018ರ ಏಪ್ರಿಲ್ 21, ಶನಿವಾರ. ಇಂಗ್ಲೆಂಡಿನ ಈಶಾನ್ಯ ಮೂಲೆಯ ಸಂಡರ್‌ಲ್ಯಾಂಡ್ ಊರಿನಲ್ಲಿ, ಆ ಊರಿನದೇ ಹೆಸರಿನ ಫುಟ್‌ಬಾಲ್ ಕ್ಲಬ್ಬಿಗೆ ಬರ್ಟನ್ ಆಲ್ಬಿಯನ್ ವಿರುದ್ಧ ಪಂದ್ಯ. ಕೊನೆಯ ಐದು ನಿಮಿಷ ಬಾಕಿ ಇರುವವರೆಗೂ ಸಂಡರ್‌ಲ್ಯಾಂಡ್ 1-0 ಮುಂದಿತ್ತು. ಆಗ ಬರ್ಟನ್ ಪರ ಗೋಲು ಹೊಡೆದು ಸಮ ಮಾಡಿದವರು ಡ್ಯಾರೆನ್ ಬೆಂಟ್. ಹಿಂದೆ ಇದೇ ಸಂಡರ್‌ಲ್ಯಾಂಡಿಗೆ ಆಡುತ್ತಿದ್ದವರು, 2009ರಲ್ಲಿ ಲಿವರ್‌ಪೂಲ್ ವಿರುದ್ಧ ಮೈದಾನಕ್ಕೆ ಬಿದ್ದಿದ್ದ ಬೀಚ್ ಬಾಲ್‌ಗೆ ತಾಗಿ ಚೆಂಡು ಒಳಗೆ ಹೋಯಿತಲ್ಲ, ಆ ಗೋಲಿನ ಬೆಂಟ್. ಹೆಚ್ಚುವರಿ ಸಮಯದಲ್ಲಿ ಬರ್ಟನ್ ಇನ್ನೊಂದು ಗೋಲು ಹೊಡೆಯಿತು. ಅಲ್ಲಿಗೆ ಕಥೆ ಮುಗಿಯಿತು. ಹಿಂದಿನ ವರ್ಷ ತಾನೇ ಪ್ರೀಮಿಯರ್ ಲೀಗಿನಿಂದ ಬಿದ್ದಿದ್ದ ಕ್ಲಬ್ ಈಗ ಎರಡನೇ ಹಂತದಿಂದಲೂ ಬಿದ್ದು ಮೂರನೇ ಹಂತದ ಲೀಗ್ ಒನ್ ಸೇರಿತು.

ಎಂಟೇ ದಿನಕ್ಕೆ, ಅಂದರೆ ಏಪ್ರಿಲ್ 29ಕ್ಕೆ, ಇನ್ನೊಂದು ಸುದ್ದಿ. ಅಮೆರಿಕದ ಮಾಲೀಕ ಎಲಿಸ್ ಶಾರ್ಟ್ ಕ್ಲಬ್ಬನ್ನು ಮಾರಿಬಿಟ್ಟಿದ್ದರು. ಮ್ಯಾನೇಜರ್ ಕ್ರಿಸ್ ಕೋಲ್ಮನ್ ಕೂಡ ಅದೇ ದಿನ ಮನೆಗೆ. ಈ ಕೋಲ್ಮನ್ 2016ರಲ್ಲಿ ವೇಲ್ಸ್ ತಂಡವನ್ನು ಯುರೋಪಿನ ದೇಶಗಳು ಆಡುವ ಯೂರೋ ಕಪ್‌ನ ಸೆಮಿಫೈನಲ್‌ವರೆಗೆ ಕರೆದುಕೊಂಡು ಹೋಗಿದ್ದವರು. ಸಂಡರ್‌ಲ್ಯಾಂಡಿಗೆ ಬಂದ ಮೇಲೆ ಮಾಲೀಕರ ಜೊತೆ ಒಂದು ಮಾತೂ ಆಡಿಲ್ಲ ಎಂದು ಸುದ್ದಿಗಾರರ ಮುಂದೆ ಅವರೇ ಹೇಳಿಕೊಂಡಿದ್ದರು.

ನಮ್ಮಲ್ಲಿ ಕ್ರಿಕೆಟ್ ನೋಡಿ ಬೆಳೆದವರಿಗೆ ಈ ಹಿಂಬಡ್ತಿಯ ಬಿಸಿ ಸುಲಭಕ್ಕೆ ಗೊತ್ತಾಗುವುದಿಲ್ಲ. ಆರ್‌ಸಿಬಿ ಪಟ್ಟಿಯ ತಳದಲ್ಲಿ ಕೂತರೂ ಮುಂದಿನ ವರ್ಷ ಐಪಿಎಲ್‌ನಲ್ಲೇ ಇರುತ್ತದೆ, ಅಲ್ವಾ? ಇಂಗ್ಲೆಂಡಿನ ಫುಟ್‌ಬಾಲಿನಲ್ಲಿ ಹಾಗಿಲ್ಲ. ಕೊನೆಯ ಮೂರು ಸ್ಥಾನದಲ್ಲಿ ಮುಗಿಸಿದರೆ ಕೆಳಗಿನ ಲೀಗಿಗೆ ಹೋಗಬೇಕು, ಟಿವಿ ದುಡ್ಡು ಕೈಬಿಡುತ್ತದೆ, ಒಳ್ಳೆಯ ಆಟಗಾರರು ಗಂಟುಮೂಟೆ ಕಟ್ಟುತ್ತಾರೆ. ಸಂಡರ್‌ಲ್ಯಾಂಡಿನ ಆದಾಯ ಒಂದೇ ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಖರ್ಚು ಮಾತ್ರ ಆ ವೇಗದಲ್ಲಿ ಇಳಿಯಲಿಲ್ಲ. ಜ್ಯಾಕ್ ರಾಡ್‌ವೆಲ್ ಎಂಬ ಆಟಗಾರನಿಗೆ ವಾರಕ್ಕೆ 70,000 ಪೌಂಡ್ ಸಂಬಳ ಎಂದು ಪತ್ರಿಕೆಗಳು ಬರೆದವು. ಕ್ಲಬ್ ಬಿದ್ದರೆ ಸಂಬಳ ಕಡಿತ ಎಂಬ ಷರತ್ತು ಅವನ ಒಪ್ಪಂದದಲ್ಲಿ ಇರಲೇ ಇಲ್ಲ. ಅದನ್ನು ಬರೆಸಬೇಕಾದವರು ಮರೆತರೆ ಆಟಗಾರನನ್ನು ಬೈದು ಏನು ಪ್ರಯೋಜನ?

ಇಲ್ಲಿ ಒಂದು ವಿಚಿತ್ರ ನೋಡಿ. ಐಪಿಎಲ್‌ನಲ್ಲಿ ಮಾರಾಟದ ಮಾತು ಬರುವುದು ಬೆಲೆ ಏರಿದಾಗ. ಆರ್‌ಸಿಬಿ 2025ರ ಜೂನ್‌ನಲ್ಲಿ ಮೊದಲ ಬಾರಿ ಕಪ್ ಗೆದ್ದಿತು, ಅದೇ ನವೆಂಬರ್‌ನಲ್ಲಿ ಮಾಲೀಕ ಕಂಪನಿ ತಂಡವನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂಬ ಮರುಪರಿಶೀಲನೆಗೆ ಕೈಹಾಕಿತು. ಇಂಗ್ಲೆಂಡಿನಲ್ಲಿ ಎಷ್ಟೋ ಸಲ ಉಲ್ಟಾ. ಮಾಲೀಕನಿಗೆ ಸಾಕಾಗುವುದು ಕ್ಲಬ್ ಬಿದ್ದಾಗ. ಆಗ ಬೆಲೆ ಪಾತಾಳದಲ್ಲಿರುತ್ತದೆ, ಹಾಗಾಗಿ ದೊಡ್ಡ ಕ್ಲಬ್ಬೊಂದು ಸಣ್ಣ ಜೇಬಿನವರ ಕೈಗೂ ಎಟುಕುತ್ತದೆ. ಅಭಿಮಾನಿಗಳ ತಲೆನೋವು ಶುರುವಾಗುವುದೇ ಇಲ್ಲಿಂದ.

ಸಂಡರ್‌ಲ್ಯಾಂಡಿಗೆ ಇದು ಮೊದಲ ಸಲವೇನೂ ಅಲ್ಲ. ಇದು 1879ರಲ್ಲಿ ಹುಟ್ಟಿದ ಕ್ಲಬ್. ಆರು ಸಲ ಇಂಗ್ಲೆಂಡಿನ ಚಾಂಪಿಯನ್, ಕೊನೆಯದು 1936ರಲ್ಲಿ. ಊರು ಹಡಗು ಕಟ್ಟುವವರದು, ಕಲ್ಲಿದ್ದಲು ಅಗೆಯುವವರದು. ಹಡಗಿನ ಕೆಲಸ 1988ರ ಹೊತ್ತಿಗೆ ನಿಂತಿತು, ಮಂಕ್‌ವೇರ್‌ಮೌತ್ ಗಣಿ 1993ರಲ್ಲಿ ಮುಚ್ಚಿತು. ಆ ಗಣಿಯ ಜಾಗದಲ್ಲೇ 1997ರಲ್ಲಿ ಹೊಸ ಕ್ರೀಡಾಂಗಣ ಎದ್ದಿತು. ಸ್ಟೇಡಿಯಂ ಆಫ್ ಲೈಟ್ ಎಂಬ ಹೆಸರೂ ಗಣಿ ಕಾರ್ಮಿಕರ ದೀಪವನ್ನು ನೆನೆದು ಇಟ್ಟಿದ್ದು, ಅಂಥ ದೀಪದ ದೊಡ್ಡ ಮಾದರಿಯೊಂದು ಇವತ್ತಿಗೂ ಹೊರಗೆ ನಿಂತಿದೆ. ಅಪ್ಪ ಗಣಿಗೆ ಇಳಿಯುತ್ತಿದ್ದ ಜಾಗದ ಮೇಲೆ ಮಗ ಕೂತು ಮ್ಯಾಚ್ ನೋಡುತ್ತಾನೆ. ಇಂಥ ಊರಿನಲ್ಲಿ ಕ್ಲಬ್ಬನ್ನು ಬರೀ ಕಂಪನಿ ಎಂದರೆ ಯಾರೂ ಒಪ್ಪುವುದಿಲ್ಲ. ಕಾಗದದ ಮೇಲೆ ಮಾತ್ರ ಅದು ಕಂಪನಿಯೇ.

ಕ್ರೀಡಾಂಗಣ ಕಟ್ಟಿಸಿದವರು ಬಾಬ್ ಮರ್ರೆ, ಇಪ್ಪತ್ತು ವರ್ಷ ಕ್ಲಬ್ ನಡೆಸಿದವರು. ಅವರ ಕೊನೆಯ ವರ್ಷಗಳು ಚೆನ್ನಾಗಿರಲಿಲ್ಲ. 2003ರಲ್ಲಿ 19 ಅಂಕ ಪಡೆದು ಬಿದ್ದರು, ಮತ್ತೆ ಮೇಲೆ ಬಂದು 2006ರಲ್ಲಿ ಬರೀ 15 ಅಂಕಕ್ಕೆ ಬಿದ್ದರು. ಆ ಬೇಸಿಗೆಯಲ್ಲೇ ಮರ್ರೆ ಮಾರಿದರು. ಕೊಂಡವರು ಐರ್ಲೆಂಡಿನ ಒಂದಷ್ಟು ಉದ್ಯಮಿಗಳ ಗುಂಪು, ಮುಂದೆ ನಿಂತವರು ಕ್ಲಬ್ಬಿನ ಮಾಜಿ ಸ್ಟ್ರೈಕರ್ ನಯಲ್ ಕ್ವಿನ್. ಬಿದ್ದ ಕ್ಲಬ್, ಹೊಸ ಮಾಲೀಕರು, ಮ್ಯಾನೇಜರ್ ಆಗಿ ರಾಯ್ ಕೀನ್. ಒಂದೇ ವರ್ಷದಲ್ಲಿ ಚಾಂಪಿಯನ್ ಆಗಿ ಪ್ರೀಮಿಯರ್ ಲೀಗಿಗೆ ವಾಪಸ್.

ಆ ವರ್ಷದ ಒಂದು ಘಟನೆಯನ್ನು ಸಂಡರ್‌ಲ್ಯಾಂಡಿನವರು ಇನ್ನೂ ಹೇಳುತ್ತಾರೆ. 2007ರ ಮಾರ್ಚ್ ಕೊನೆಗೆ ಕಾರ್ಡಿಫ್‌ನಲ್ಲಿ ಪಂದ್ಯ ಗೆದ್ದು ಬ್ರಿಸ್ಟಲ್‌ನಿಂದ ವಿಮಾನ ಹತ್ತಿದ ಅಭಿಮಾನಿಗಳು ಕ್ವಿನ್ ಹೆಸರಿನ ಹಾಡು ಹಾಡುತ್ತಾ ಗಲಾಟೆ ಎಬ್ಬಿಸಿದರು ಅಂತ ಎಲ್ಲರನ್ನೂ ಕೆಳಗಿಳಿಸಿದರು. ಅದೇ ವಿಮಾನದಲ್ಲಿ ಹೋಗಬೇಕಿದ್ದ ಕ್ವಿನ್ ಟ್ಯಾಕ್ಸಿಗಳನ್ನು ಕರೆಸಿ ಸುಮಾರು 80 ಜನರನ್ನು ದೇಶದ ಆ ತುದಿಯಿಂದ ಈ ತುದಿಗೆ, ರಾತ್ರೋರಾತ್ರಿ, ಸ್ವಂತ ಖರ್ಚಿನಲ್ಲಿ ಕಳಿಸಿದರು. ಬಿಲ್ಲು 8,000 ಪೌಂಡ್ ಆಯಿತಂತೆ. ಫುಟ್‌ಬಾಲ್ ಲೆಕ್ಕದಲ್ಲಿ ಅದು ಚಿಲ್ಲರೆ ಕಾಸು. ಆದರೆ ಮುಂದೆ ಬಂದ ಪ್ರತಿ ಮಾಲೀಕನನ್ನೂ ಜನ ಆ ಟ್ಯಾಕ್ಸಿಗಳ ಪಕ್ಕದಲ್ಲಿಟ್ಟು ನೋಡಿದರು.

ಶಾರ್ಟ್ ಬಂದಿದ್ದು ಹೇಗೆ? 2008ರಲ್ಲಿ ಐರ್ಲೆಂಡಿನ ರಿಯಲ್ ಎಸ್ಟೇಟ್ ಕುಸಿಯಿತು, ಕ್ವಿನ್ ಗುಂಪಿನವರ ಕೈ ಖಾಲಿ. ದುಡ್ಡಿದ್ದ ಶಾರ್ಟ್ ಮೊದಲು ಪಾಲು ಕೊಂಡರು, 2009ರಲ್ಲಿ ಪೂರ್ತಿ ಕೊಂಡರು. ಒಂದು ಮಾತು ನೇರವಾಗಿ ಹೇಳಬೇಕು, ಈ ಮನುಷ್ಯ ಕ್ಲಬ್ಬಿನಿಂದ ದುಡ್ಡು ಹೊಡೆದವರಲ್ಲ, ಹಾಕಿ ಕಳೆದುಕೊಂಡವರು. ತಪ್ಪಾಗಿದ್ದು ಬೇರೆ ಕಡೆ. ಸ್ಟೀವ್ ಬ್ರೂಸ್, ಮಾರ್ಟಿನ್ ಓ'ನೀಲ್, ಪಾವ್ಲೊ ಡಿ ಕಾನಿಯೊ, ಗಸ್ ಪೊಯೆಟ್, ಡಿಕ್ ಆಡ್ವೊಕಾಟ್, ಸ್ಯಾಮ್ ಅಲರ್‌ಡೈಸ್, ಡೇವಿಡ್ ಮೊಯ್ಸ್ ಅಂತ ಮ್ಯಾನೇಜರ್‌ಗಳು ಸಾಲುಸಾಲಾಗಿ ಬಂದು ಹೋದರು. ಒಬ್ಬ ಕೊಂಡ ಆಟಗಾರ ಇನ್ನೊಬ್ಬನಿಗೆ ಬೇಡ. ಪ್ರತಿ ವಸಂತದಲ್ಲೂ ಬೀಳುವ ಭಯ, ಕೊನೆ ಗಳಿಗೆಯಲ್ಲಿ ಹೇಗೋ ಪಾರು. 2015ರಲ್ಲಿ ಆಡ್ವೊಕಾಟ್ ಕ್ಲಬ್ಬನ್ನು ಉಳಿಸಿದಾಗ, ಅವರು ಇನ್ನೊಂದು ವರ್ಷ ಇರಲಿ ಅಂತ ಅಭಿಮಾನಿಗಳು ಚಂದಾ ಎತ್ತಿ ಅವರ ಹೆಂಡತಿಗೆ ಹೂವು ಕಳಿಸಿದರು! ಅವರು ಉಳಿದರು, ಶರತ್ಕಾಲಕ್ಕೆ ಬಿಟ್ಟು ಹೋದರು.

2017ರಲ್ಲಿ ಅದೃಷ್ಟ ಮುಗಿಯಿತು. 24 ಅಂಕ, ಕೊನೆಯ ಸ್ಥಾನ, ಸಾಲ 100 ಮಿಲಿಯನ್ ಪೌಂಡಿಗೂ ಜಾಸ್ತಿ. ಶಾರ್ಟ್ ಆಗಲೇ ಮಾರಲು ನೋಡುತ್ತಿದ್ದರು, ದುಡ್ಡು ಸುರಿಯುವುದನ್ನೂ ನಿಲ್ಲಿಸಿದ್ದರು. ಮಾರುವ ಮನಸ್ಸು ಮಾಡಿದ ಮಾಲೀಕ ಮತ್ತು ಇನ್ನೂ ಸಿಗದ ಕೊಳ್ಳುವವನ ನಡುವಿನ ಈ ಅವಧಿಯೇ ಕ್ಲಬ್ಬಿಗೆ ಅತಿ ಕೆಟ್ಟ ಕಾಲ ಎಂದು ನನ್ನ ಎಣಿಕೆ. ಯಾರೂ ಏನೂ ತೀರ್ಮಾನ ಮಾಡುವುದಿಲ್ಲ. 2016ರ ಡಿಸೆಂಬರ್ 17ರಂದು ತವರಿನಲ್ಲಿ ಗೆದ್ದ ತಂಡ ಮತ್ತೆ ತವರಿನಲ್ಲಿ ಗೆದ್ದಿದ್ದು 2017ರ ಡಿಸೆಂಬರ್ 16ರಂದು. ವರ್ಷಕ್ಕೆ ಒಂದೇ ದಿನ ಕಡಿಮೆ. ಸೀಸನ್ ಟಿಕೆಟ್‌ಗೆ ದುಡ್ಡು ಕೊಟ್ಟು ಪ್ರತಿ ಪಂದ್ಯಕ್ಕೂ ಬಂದು ಕೂತವರ ಗತಿ ಯೋಚಿಸಿ.

ಹಾಗಾಗಿ 2018ರಲ್ಲಿ ಶಾರ್ಟ್ ಹೊರಟಾಗ ಜನ ಅತ್ತಿದ್ದೇನಿಲ್ಲ. ಹೊರಗಿನ ಸಾಲವನ್ನು ಅವರೇ ತೀರಿಸಿ ಹೋದರು, ಅದು ದೊಡ್ಡ ಮೊತ್ತ, ಅದಕ್ಕೆ ಮರ್ಯಾದೆ ಸಲ್ಲಲೇಬೇಕು. ಬಂದವರು ಸ್ಟೂವರ್ಟ್ ಡೊನಾಲ್ಡ್. ವಿಮೆ ವ್ಯವಹಾರದವರು, ಅದಕ್ಕೂ ಮೊದಲು ಈಸ್ಟ್‌ಲೀ ಎಂಬ ತೀರಾ ಚಿಕ್ಕ ಕ್ಲಬ್ ನಡೆಸುತ್ತಿದ್ದವರು. ಜೊತೆಗೆ ಚಾರ್ಲಿ ಮೆತ್ವೆನ್, ಮತ್ತೆ ಉರುಗ್ವೆಯ ಹುವಾನ್ ಸಾರ್ಟೊರಿ.

ಮೊದಲ ತಿಂಗಳುಗಳು ಮದುವೆಮನೆಯ ಹಾಗಿದ್ದವು. ಕ್ರೀಡಾಂಗಣದ ಕೆಂಪು ಸೀಟುಗಳು ಬಿಸಿಲು ಮಳೆಗೆ ಬಣ್ಣ ಹೋಗಿ ಗುಲಾಬಿಯಾಗಿದ್ದವು, ಹಳೆಯ ಆಡಳಿತದ ಅಸಡ್ಡೆ ಎಂದರೆ ಎಲ್ಲರೂ ಬೆರಳು ತೋರಿಸುತ್ತಿದ್ದುದು ಅದಕ್ಕೇ. ಹೊಸ ಮಾಲೀಕರು ಸೀಟು ಬದಲಿಸುತ್ತೇವೆ, ಕೈಜೋಡಿಸಿ ಎಂದರು. ಜನ ಕೆಲಸಕ್ಕೆ ರಜೆ ಹಾಕಿ, ಮಕ್ಕಳನ್ನೂ ಕರೆದುಕೊಂಡು, ಸ್ಪ್ಯಾನರ್ ಹಿಡಿದು ಬಂದರು. ಸಾಲುಸಾಲು ಸೀಟು ಬಿಚ್ಚಿದರು, ಹೊಸದನ್ನು ಕೂರಿಸಿದರು. ಕೂಲಿ ಇಲ್ಲ. ಡೊನಾಲ್ಡ್ ಕೂಡ ಅವರ ನಡುವೆಯೇ ಓಡಾಡುತ್ತಿದ್ದರು. ಆ ಡಿಸೆಂಬರ್ 26ರಂದು ಬ್ರಾಡ್‌ಫರ್ಡ್ ಸಿಟಿ ವಿರುದ್ಧದ ಪಂದ್ಯಕ್ಕೆ ಬಂದವರು 46,039 ಜನ. ಮೂರನೇ ಹಂತದ ಪಂದ್ಯಕ್ಕೆ! ಲೀಗ್ ಒನ್‌ಗೆ ಅದು ದಾಖಲೆ.

ಆಮೇಲೆ ಲೆಕ್ಕ ಹೊರಬಂತು. ಪ್ರೀಮಿಯರ್ ಲೀಗಿನಿಂದ ಬಿದ್ದ ಕ್ಲಬ್ಬುಗಳಿಗೆ ಮೂರು ವರ್ಷದವರೆಗೆ ಪ್ಯಾರಾಚೂಟ್ ಹಣ ಅಂತ ಸಿಗುತ್ತದೆ. ಮೇಲಿನ ಲೀಗಿನ ಕ್ಲಬ್ಬುಗಳು ಸಮನಾಗಿ ಹಂಚಿಕೊಳ್ಳುವ ಟಿವಿ ಹಣದಲ್ಲಿ ಒಂದು ಪಾಲಿನ ಶೇ 55, ಆಮೇಲೆ ಶೇ 45, ಆಮೇಲೆ ಶೇ 20. ದೊಡ್ಡ ಸಂಬಳಗಳ ಹೊರೆಯಿಂದ ಕ್ಲಬ್ ಧಡ್ ಅಂತ ನೆಲಕ್ಕೆ ಬೀಳದಿರಲಿ ಎಂದು ಕೊಡುವ ಹಣ ಅದು. ಆ ಹಣದಲ್ಲೇ ಸುಮಾರು 20 ಮಿಲಿಯನ್ ಪೌಂಡ್ ಶಾರ್ಟ್‌ಗೆ ಕೊಡಬೇಕಾದ ಖರೀದಿ ಬೆಲೆಗೆ ಹೋಗಿತ್ತು. ಮನೆ ಕೊಳ್ಳಲು ಬಂದವನು ಅದೇ ಮನೆಯ ಬೀರುವಿನಲ್ಲಿದ್ದ ದುಡ್ಡು ತೆಗೆದು ಕಂತು ಕಟ್ಟಿದ ಹಾಗೆ. ಡೊನಾಲ್ಡ್ ಅವರ ಕಂಪನಿ ಮಾಡ್ರಾಕ್ಸ್ ಕ್ಲಬ್ಬಿಗೆ ಕೊಡಬೇಕಾದ ಬಾಕಿ ಎಂದು ಅದು ಪುಸ್ತಕದಲ್ಲಿ ಕೂತಿತು. ಕಾನೂನಿನ ಪ್ರಕಾರ ಇದರಲ್ಲಿ ತಪ್ಪಿಲ್ಲ. ಸ್ಪ್ಯಾನರ್ ಹಿಡಿದು ಬಂದವರಿಗೆ ಹೇಗನ್ನಿಸಿರಬೇಕು?

ಆಟದಲ್ಲೂ ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. ಮೇಲಿನ ಲೀಗಿಗೆ ಏರಲು ಆಡುವ ಪ್ಲೇಆಫ್‌ನ 2019ರ ಫೈನಲ್‌ನಲ್ಲಿ ಚಾರ್ಲ್‌ಟನ್ ಕೊನೇ ಕ್ಷಣದ ಗೋಲಿನಿಂದ ಗೆದ್ದಿತು. ಮುಂದಿನ ವರ್ಷ ಕೋವಿಡ್‌ನಿಂದ ಅರ್ಧಕ್ಕೆ ನಿಂತ ಲೀಗಿನಲ್ಲಿ ಎಂಟನೇ ಸ್ಥಾನ, ಕ್ಲಬ್ಬಿನ ಇತಿಹಾಸದಲ್ಲೇ ಕೆಳಗಿನದು. 2019ರ ಡಿಸೆಂಬರ್‌ನಲ್ಲೇ ಹಲವು ಅಭಿಮಾನಿ ಗುಂಪುಗಳು ಒಟ್ಟಾಗಿ, ಡೊನಾಲ್ಡ್ ಅವರೇ, ಮಾರಿ ಹೊರಡಿ ಎಂದು ಬಹಿರಂಗವಾಗಿ ಕೇಳಿದ್ದವು. ಅವರೂ ಮಾರುತ್ತೇನೆ ಎಂದರು. ಮತ್ತೆ ಅದೇ ಕಾಯುವ ಕೆಲಸ.

2021ರ ಫೆಬ್ರವರಿಯಲ್ಲಿ ಕಿರಿಲ್ ಲೂಯಿ-ಡ್ರೈಫಸ್ ಬಂದರು. ವಯಸ್ಸು 23. ಅಪ್ಪ ರಾಬರ್ಟ್ ಹಿಂದೆ ಫ್ರಾನ್ಸಿನ ಮಾರ್ಸೇ ಕ್ಲಬ್ಬಿನ ಮಾಲೀಕ. ಮುಂದಿನ ತಿಂಗಳೇ ತಂಡ ಕೆಳಗಿನ ಹಂತದ ಕ್ಲಬ್ಬುಗಳ ಕಪ್ಪಾದ ಇಎಫ್‌ಎಲ್ ಟ್ರೋಫಿ ಗೆದ್ದಿತು, ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ 1973ರ ನಂತರ ಮೊದಲ ಗೆಲುವು. ಕೋವಿಡ್ ಕಾರಣಕ್ಕೆ ನೋಡಲು ಅಭಿಮಾನಿಗಳೇ ಇರಲಿಲ್ಲ, ಇವರ ಹಣೆಬರಹಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಪೀಡೆ ತೊಲಗಿತು ಎಂದು ಜನ ನಿಟ್ಟುಸಿರು ಬಿಟ್ಟು ಒಂದು ವರ್ಷವಾದ ಮೇಲೆ, 2022ರ ಫೆಬ್ರವರಿಯಲ್ಲಿ, ಕ್ಲಬ್ ಪಾಲುಗಳ ವಿವರ ಹೇಳಿತು. ಕಿರಿಲ್ ಬಳಿ ಇದ್ದದ್ದು ಶೇ 41 ಮಾತ್ರ. ಡೊನಾಲ್ಡ್ ಶೇ 34, ಸಾರ್ಟೊರಿ ಶೇ 20, ಮೆತ್ವೆನ್ ಶೇ 5. ಹೋದರು ಎಂದುಕೊಂಡವರು ಹೋಗಿಯೇ ಇರಲಿಲ್ಲ. ಫುಟ್‌ಬಾಲ್ ಮಾರಾಟಗಳಲ್ಲಿ ಅಭಿಮಾನಿಗಳನ್ನು ಜಾಸ್ತಿ ಕೆರಳಿಸುವುದು ಬೆಲೆ ಅಲ್ಲ, ಮುಚ್ಚಿಡುವುದು. ತಂಡ ಆ ಮೇ ತಿಂಗಳಲ್ಲಿ ವೈಕಂಬ್ ತಂಡವನ್ನು ಸೋಲಿಸಿ ಮೇಲೇರಿದ ಮೇಲೆಯೇ ಡೊನಾಲ್ಡ್ ಮತ್ತು ಮೆತ್ವೆನ್ ಪಾಲು ಮಾರಿದರು, ಕಿರಿಲ್ ಶೇ 51ಕ್ಕೆ ಏರಿದರು. 2025ರ ಮೇ 24ರಂದು ಶೆಫೀಲ್ಡ್ ಯುನೈಟೆಡ್ ವಿರುದ್ಧ 95ನೇ ನಿಮಿಷದ ಗೋಲಿನಿಂದ ಸಂಡರ್‌ಲ್ಯಾಂಡ್ ಪ್ರೀಮಿಯರ್ ಲೀಗಿಗೆ ವಾಪಸಾಯಿತು. ಎಂಟು ವರ್ಷ ಹಿಡಿಯಿತು.

ಜರ್ಮನಿಯಲ್ಲಾದರೆ ಬಹುತೇಕ ಕ್ಲಬ್ಬುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವಿದೆ. ಇಂಗ್ಲೆಂಡ್ ಆ ದಾರಿ ಹಿಡಿಯಲಿಲ್ಲ. 2019ರಲ್ಲಿ ಬರಿ ಎಂಬ ಹಳೆಯ ಕ್ಲಬ್ಬು ಮಾಲೀಕನ ದುಡ್ಡಿನ ಗೋಜಲಿನಲ್ಲಿ ಲೀಗಿನಿಂದಲೇ ಹೊರಬಿದ್ದ ಮೇಲೆ ಸರ್ಕಾರ ಎಚ್ಚೆತ್ತುಕೊಂಡಿತು. ವಿಚಾರಣೆ, ವರದಿ, ಚರ್ಚೆ ಎಲ್ಲ ಮುಗಿದು 2025ರ ಜುಲೈನಲ್ಲಿ ಕಾನೂನು ಬಂತು. ಈಗ ಸ್ವತಂತ್ರ ನಿಯಂತ್ರಕ ಸಂಸ್ಥೆ ಇದೆ. ಕೊಳ್ಳುವವನ ಹಣದ ಮೂಲ ಅದು ನೋಡಬಹುದು, ಅದರ ಒಪ್ಪಿಗೆ ಇಲ್ಲದೆ ಕ್ರೀಡಾಂಗಣ ಮಾರುವಂತಿಲ್ಲ, ಅಭಿಮಾನಿಗಳನ್ನು ಕೇಳದೆ ಲಾಂಛನ, ಜೆರ್ಸಿ ಬಣ್ಣ ಬದಲಿಸುವಂತಿಲ್ಲ. ಆದರೆ ಬೇಸತ್ತ ಮಾಲೀಕನನ್ನು ಬೇಗ ಮಾರು ಎಂದು ತಳ್ಳುವುದು ಇವತ್ತಿಗೂ ಅಷ್ಟು ಸುಲಭವಿಲ್ಲ.

ಶೆಫೀಲ್ಡ್ ವೆನ್ಸ್‌ಡೇ ಎಂಬ ಕ್ಲಬ್ಬನ್ನು ನೋಡಿದರೆ ಗೊತ್ತಾಗುತ್ತದೆ. ಅಲ್ಲಿ ಆಗ ಮಾಲೀಕರಾಗಿದ್ದ ದೆಜ್ಫೋನ್ ಚನ್ಸಿರಿ 2023ರಲ್ಲಿ ಬಾಕಿ ತೀರಿಸಲು ಅಭಿಮಾನಿಗಳೇ ತಲೆಗೆ 100 ಪೌಂಡ್ ಹಾಕಬಹುದಲ್ಲ ಎಂದಿದ್ದರು. 2025ರಲ್ಲಿ ಆಟಗಾರರಿಗೆ ಸಂಬಳವೇ ಸರಿಯಾಗಿ ಬರಲಿಲ್ಲ. ಅಕ್ಟೋಬರ್‌ನಲ್ಲಿ ಜನ ತವರಿನ ಪಂದ್ಯವನ್ನೇ ಬಹಿಷ್ಕರಿಸಿದರು, ಕೆಲವೇ ದಿನಕ್ಕೆ ಕ್ಲಬ್ ದಿವಾಳಿ ಆಡಳಿತಾಧಿಕಾರಿಗಳ ಕೈಗೆ ಹೋಯಿತು, 12 ಅಂಕ ಕಡಿತವಾಯಿತು. ಅಷ್ಟು ಅಂಕ ಹೋದರೆ ತಂಡ ಬೀಳುವುದು ಹೆಚ್ಚುಕಡಿಮೆ ಖಚಿತ ಎಂದು ಅಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿತ್ತು. ಆದರೂ ಸುದ್ದಿ ಬಂದ ದಿನ ಅಭಿಮಾನಿಗಳು ಕುಣಿದಾಡಿದರು, ತಿಂಗಳುಗಟ್ಟಲೆ ಕಾಲಿಡದಿದ್ದ ಕ್ಲಬ್ ಅಂಗಡಿಯ ಮುಂದೆ ಜೆರ್ಸಿ ಕೊಳ್ಳಲು ಸಾಲು ನಿಂತರು, ಮರುದಿನ ಪಂದ್ಯಕ್ಕೆ ಹೋಗಿ ಸೋಲುವುದನ್ನೂ ನೋಡಿ ಹಾಡುತ್ತಲೇ ಮನೆಗೆ ಬಂದರು.