ಮರುಲಾ ಎಣ್ಣೆ ಕಮಟಾಗದ ಗುಟ್ಟು

ಆಫ್ರಿಕಾದ ಮರುಲಾ ಮರದ ಹಣ್ಣಿನ ವಾಟೆ ಸುಲಭಕ್ಕೆ ಒಡೆಯುವಂಥದ್ದಲ್ಲ. ಉತ್ತರ ನಮೀಬಿಯಾದ ಓವಾಂಬೊ ಹೆಂಗಸರು ಒಣಗಿದ ವಾಟೆಯನ್ನು ಕೊಡಲಿಯ ಅಲಗಿಗೆ ಒತ್ತಿ ಹಿಡಿದು ಕುಟ್ಟುತ್ತಾರೆ. ಒಳಗೆ ಸಿಗುವುದು ಎರಡೋ ಮೂರೋ ಪುಟ್ಟ ತಿರುಳು. ಅವನ್ನು ಚೂಪು ಮೊನೆಯಿಂದ ಒಂದೊಂದಾಗಿ ಬಿಡಿಸಬೇಕು. ತಿರುಳು ಪುಡಿಯಾಗಬಾರದು, ಬೆರಳಿಗೂ ಏಟು ಬೀಳಬಾರದು. ಹೀಗೆ ಕೂಡಿಸಿದ್ದನ್ನು ಒರಳಲ್ಲಿ ಕುಟ್ಟಿ, ಬಿಸಿನೀರು ಹಾಕಿ ನಾದಿದರೆ ಎಣ್ಣೆ ಬಿಡುತ್ತದೆ. ಕೋಳಿ, ಮಾಂಸದ ಅಡುಗೆಗೆ ಅದು ಬೇಕೇ ಬೇಕು.

ಮಾವು, ಗೇರು, ಅಮಟೆಗಳ ಕುಟುಂಬಕ್ಕೇ ಸೇರಿದ ಈ ಮರದ ಶಾಸ್ತ್ರೀಯ ಹೆಸರು ಸ್ಕ್ಲೆರೊಕಾರಿಯಾ ಬಿರಿಯಾ. ಜಿಂಬಾಬ್ವೆಯ ಪೊಮೊಂಗ್ವೆ ಗುಹೆಯಲ್ಲಿ ಮರುಲಾ ವಾಟೆಗಳ ರಾಶಿಯೇ ಸಿಕ್ಕಿದೆ; ಅಂದರೆ ಮನುಷ್ಯ ಇದನ್ನು ತಿನ್ನಲು ಶುರುಮಾಡಿ ಸಾವಿರಾರು ವರ್ಷಗಳೇ ಆಗಿವೆ. ತಿರುಳಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ, ಕಾಲು ಭಾಗಕ್ಕೂ ಮಿಕ್ಕಿ ಪ್ರೋಟೀನ್.

ಇವತ್ತು ಈ ಎಣ್ಣೆ ಸಣ್ಣ ಸೀಸೆಗಳಲ್ಲಿ, ಮುಖಕ್ಕೆ ಹಚ್ಚುವ ‘ಆ್ಯಂಟಿಆಕ್ಸಿಡೆಂಟ್ ಭಂಡಾರ’ವಾಗಿ, ಅಂದರೆ ಆಮ್ಲಜನಕದಿಂದ ಕೆಡುವುದನ್ನು ತಡೆಯುವ ವಸ್ತುಗಳ ಕಣಜವಾಗಿ, ದುಬಾರಿ ಬೆಲೆಗೆ ಮಾರಾಟವಾಗುತ್ತಿದೆ. ದಕ್ಷಿಣ ಆಫ್ರಿಕಾದ ವೆಂಡಾ ಜನ ಮಾಂಸ ಕೆಡದಿರಲೆಂದು ಇದನ್ನು ಬಳಸುತ್ತಾ ಬಂದಿರುವುದು ನಿಜ. ಎಣ್ಣೆಯೂ ಬಹುಕಾಲ ಕಮಟು ಹಿಡಿಯುವುದಿಲ್ಲ. ಆದರೆ ಅದರ ಶ್ರೇಯಸ್ಸನ್ನೆಲ್ಲ ಆ್ಯಂಟಿಆಕ್ಸಿಡೆಂಟ್‌ಗಳಿಗೆ ಕೊಡುವುದು ತಪ್ಪು.

ಎಣ್ಣೆ ಕಮಟಾಗುವುದೆಂದರೆ ಅದರ ಕೊಬ್ಬಿನಾಮ್ಲಗಳು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಒಡೆಯುವುದು. ಇದಕ್ಕೆ ಬೇಗ ಬಲಿಯಾಗುವುದು ಎರಡು ಜೋಡಿಬಂಧಗಳ (ಇಂಗಾಲದ ಪರಮಾಣುಗಳ ನಡುವಿನ ಇಮ್ಮಡಿ ಕೊಂಡಿಗಳ) ನಡುವೆ ಸಿಕ್ಕಿಕೊಂಡ ಇಂಗಾಲ. ಅಲ್ಲಿನ ಹೈಡ್ರೋಜನ್ನಿನ ಹಿಡಿತ ಸಡಿಲ. ಅದು ಕಳಚಿತೆಂದರೆ ಒಂದು ಅಣು ಇನ್ನೊಂದನ್ನು ಕೆಡಿಸುತ್ತಾ ಸರಪಳಿ ಕ್ರಿಯೆ ಶುರು. ಲಿನೊಲಿಯಿಕ್ ಆಮ್ಲವೆಂಬ ಕೊಬ್ಬಿನಾಮ್ಲದಲ್ಲಿ ಅಂಥ ಜಾಗವಿದೆ. ಒಂದೇ ಜೋಡಿಬಂಧವಿರುವ ಓಲಿಯಿಕ್ ಆಮ್ಲದಲ್ಲಿಲ್ಲ. ಹಾಗಾಗಿ ಲಿನೊಲಿಯಿಕ್ ಹತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಕೆಡುತ್ತದೆ. ಮರುಲಾ ಎಣ್ಣೆಯಲ್ಲಿ ಶೇ. 70ರಿಂದ 78ರಷ್ಟು ಓಲಿಯಿಕ್, ಲಿನೊಲಿಯಿಕ್ ಶೇ. 10ಕ್ಕಿಂತ ಕಡಿಮೆ. ನಮ್ಮ ಉತ್ತರ ಕರ್ನಾಟಕದ ಕುಸುಬೆ ಎಣ್ಣೆಯ ಲೆಕ್ಕ ಇದಕ್ಕೆ ಹೆಚ್ಚುಕಡಿಮೆ ತಿರುವುಮುರುವು.

ಟೋಕೊಫೆರಾಲ್‌ಗಳು, ಅಂದರೆ ವಿಟಮಿನ್ ಇ ಗುಂಪಿನ ವಸ್ತುಗಳು, ಇದರಲ್ಲೂ ಇವೆ. ತಮ್ಮದೇ ಹೈಡ್ರೋಜನ್ ಬಿಟ್ಟುಕೊಟ್ಟು ಆ ಸರಪಳಿಯನ್ನು ತುಂಡರಿಸುವುದು ಅವುಗಳ ಕೆಲಸ. ಆದರೆ ಮರುಲಾ ಎಣ್ಣೆಯಲ್ಲಿ ಅವು ಹೇಳಿಕೊಳ್ಳುವಷ್ಟೇನೂ ಇಲ್ಲ. ಬಾಳಿಕೆಯ ಹೆಚ್ಚಿನ ಪಾಲು ಬಂದಿರುವುದು ಕೊಬ್ಬಿನ ರಚನೆಯಿಂದಲೇ.

ಪೋಷಣೆಯ ದೃಷ್ಟಿಯಿಂದ ನೋಡಿದರೆ ಈ ಗುಣವೇ ಒಂದು ಕೊರತೆ ಕೂಡ. ಲಿನೊಲಿಯಿಕ್ ಆಮ್ಲವನ್ನು ನಮ್ಮ ದೇಹ ತಾನಾಗಿ ತಯಾರಿಸಲಾರದು, ಊಟದಿಂದಲೇ ಬರಬೇಕು. ಸೀಸೆಯಲ್ಲಿ ಬಾಳುವ ಎಣ್ಣೆಯೊಂದರಿಂದಲೇ ದೇಹದ ಅಗತ್ಯ ತೀರುವುದಿಲ್ಲ. ಓಲಿಯಿಕ್ ಹೃದಯಕ್ಕೆ ಒಳ್ಳೆಯದು ಎಂಬ ಮಾತಿಗೂ ಒಂದು ಷರತ್ತಿದೆ: ಬೆಣ್ಣೆ, ತಾಳೆಎಣ್ಣೆಯಂಥ ಪರ್ಯಾಪ್ತ (ಸ್ಯಾಚುರೇಟೆಡ್) ಕೊಬ್ಬಿನ ಬದಲಿಗೆ ಬಳಸಿದಾಗ ಕೆಟ್ಟ ಕೊಲೆಸ್ಟರಾಲ್ ಇಳಿಯುತ್ತದೆ, ಅದರ ಜೊತೆಗೆ ಸುರಿದುಕೊಂಡರೆ ಸೇರುವುದು ಗ್ರಾಂಗೆ 9 ಕ್ಯಾಲರಿ ಅಷ್ಟೆ.

ಪ್ರನಾಳದಲ್ಲಿ ಅಳೆದ ಆ್ಯಂಟಿಆಕ್ಸಿಡೆಂಟ್ ಬಲ ದೇಹದೊಳಗೂ ಹಾಗೇ ನಡೆಯುತ್ತದೆಂದು ನಂಬುವಂತಿಲ್ಲ. ಆಹಾರಗಳನ್ನು ಹಾಗೆ ಅಳೆದು ಮಾಡಿದ್ದ ‘ಓರಾಕ್’ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ಹಿಂತೆಗೆದುಕೊಂಡಿತು. ಕಂಪನಿಗಳು ಅದನ್ನು ಜಾಹೀರಾತಿಗೆ ದುರುಪಯೋಗ ಮಾಡಿಕೊಳ್ಳುತ್ತಿದ್ದುದೂ ಅದಕ್ಕೊಂದು ಕಾರಣ.

ನನ್ನ ಮಟ್ಟಿಗೆ ಎಣ್ಣೆಗಿಂತ ಇಡೀ ತಿರುಳೇ ಮೇಲು. ಮೆಗ್ನೀಸಿಯಂ, ರಂಜಕ, ಪ್ರೋಟೀನ್ ಎಲ್ಲವೂ ಅದರಲ್ಲಿವೆ. ಆ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಮಾತ್ರ ಕಡಿಮೆ. ಅಲಸಂದೆಯಂಥ ಕಾಳು ಜೊತೆಗಿದ್ದರೆ ಅದೂ ತುಂಬುತ್ತದೆ, ಮತ್ತು ಅಲಸಂದೆ ಆ ಸೀಮೆಯ ಹೊಲಗಳಲ್ಲೇ ಬೆಳೆಯುತ್ತದೆ.