ಲಾವಾ ಫ್ಲೋ: ಮುಟ್ಟಬೇಕು, ಬೆರೆಯಬಾರದು

ಎತ್ತರದ ಗ್ಲಾಸಿನ ತಳಕ್ಕೆ ಸ್ಟ್ರಾಬೆರಿಯ ಕೆಂಪು ರಸ ಹಾಕಿ. ಅದರ ಮೇಲೆ ಕಾಯಿಹಾಲು, ಅನಾನಸ್, ಬಾಳೆಹಣ್ಣನ್ನು ಐಸ್ ಜೊತೆ ರುಬ್ಬಿದ ಬಿಳಿ ಮಿಶ್ರಣವನ್ನು ನಿಧಾನವಾಗಿ ಸುರಿಯಿರಿ. ಕೆಂಪು ತಳದಲ್ಲೇ ಕೂರುವುದಿಲ್ಲ. ಗ್ಲಾಸಿನ ಗೋಡೆ ಹಿಡಿದು ಎಳೆ ಎಳೆಯಾಗಿ ಮೇಲೆ ಹತ್ತುತ್ತದೆ. ಈ ಕಾಕ್‌ಟೇಲಿನ ಹೆಸರು ಲಾವಾ ಫ್ಲೋ. ಹವಾಯಿ ದ್ವೀಪಗಳ ಕಡಲತೀರದ ಹೋಟೆಲುಗಳಲ್ಲಿ ಇದು ಮನೆಮಾತು. ಅಲ್ಲಿನ ಜ್ವಾಲಾಮುಖಿಗಳೇ ಈ ಹೆಸರಿಗೆ ಕಾರಣ.

ಲಾವಾ ಎಂಬ ಪದ ಮಾತ್ರ ಹವಾಯಿಯದಲ್ಲ, ಇಟಲಿಯ ನೇಪಲ್ಸ್ ಕಡೆಯದು. ಮಳೆ ಜೋರಾಗಿ ಹೊಡೆದಾಗ ಬೀದಿಯಲ್ಲಿ ನುಗ್ಗುವ ನೀರಿಗೆ ಅಲ್ಲಿನ ಆಡುಮಾತಿನಲ್ಲಿ ಹಾಗೆನ್ನುತ್ತಿದ್ದರು. ಆಮೇಲೆ ವೆಸುವಿಯಸ್ ಬೆಟ್ಟದಿಂದ ಇಳಿದು ಬರುವ ಕರಗಿದ ಕಲ್ಲಿಗೂ ಅದೇ ಹೆಸರು ಅಂಟಿಕೊಂಡಿತು. ಅಂದರೆ ಲಾವಾ ಅನ್ನುವುದರೊಳಗೇ ಹರಿಯುವುದು ಇದೆ. ಅದಕ್ಕೆ ಫ್ಲೋ ಸೇರಿಸಿದರೆ ಹರಿವನ್ನು ಎರಡು ಸಲ ಹೇಳಿದ ಹಾಗಾಯಿತು. ಕನ್ನಡದಲ್ಲಿ ನಾವು ಲಾವಾರಸ ಅನ್ನುತ್ತೇವೆ, ಅಲ್ವಾ? ಬೆಟ್ಟದ್ದೂ ರಸ, ಹಣ್ಣಿನದೂ ರಸ. ಈ ಪಾನೀಯಕ್ಕೆ ನಮ್ಮ ಪದವೇ ಹೆಚ್ಚು ಒಪ್ಪುತ್ತದೆ ಅಂತ ನನಗನಿಸುತ್ತದೆ.

ಹರಿವಿನ ಬಗ್ಗೆ ಇಷ್ಟು ಹೇಳುವುದಕ್ಕೆ ಕಾರಣ ಇದೆ. ಇದನ್ನು ಜನ ಸುಮ್ನೆ "ಲೇಯರ್ ಡ್ರಿಂಕ್" ಎಂದು ಕರೆದು ಬಿಡುತ್ತಾರೆ. ಆದರೆ ಲೇಯರ್ ಎಂಬ ಒಂದೇ ಮಾತಿನ ಕೆಳಗೆ ಮೂರು ಬೇರೆ ಬೇರೆ ಕೆಲಸಗಳು ಸೇರಿಕೊಂಡಿವೆ.

ಮೊದಲನೆಯದು ಫ್ರೆಂಚರ ಪೂಸ್ ಕಫೆ. ಸಣ್ಣ ಗ್ಲಾಸಿನಲ್ಲಿ ಬಣ್ಣ ಬಣ್ಣದ ಮದ್ಯಗಳನ್ನು ಒಂದರ ಮೇಲೊಂದು ನಿಲ್ಲಿಸುವುದು. ಸಕ್ಕರೆ ಜಾಸ್ತಿ ಇರುವುದು ಭಾರ, ಅದು ತಳಕ್ಕೆ. ಮದ್ಯಸಾರ ಜಾಸ್ತಿ ಇರುವುದು ಹಗುರ, ಅದು ಮೇಲಕ್ಕೆ. ಚಮಚದ ಬೆನ್ನ ಮೇಲೆ ಹನಿಹನಿಯಾಗಿ ಇಳಿಸುತ್ತಾರೆ. ಇಲ್ಲಿ ಎಲ್ಲವೂ ತೂಕದ ಲೆಕ್ಕ.

ಎರಡನೆಯದು ಮಯಾಮಿ ವೈಸ್ ಎಂಬ ಕಾಕ್‌ಟೇಲ್. ಅರ್ಧ ಸ್ಟ್ರಾಬೆರಿ ಡೈಕಿರಿ (ರಮ್, ನಿಂಬೆರಸ, ಸ್ಟ್ರಾಬೆರಿಯದು), ಅರ್ಧ ಪಿನ್ಯಾ ಕೊಲಾಡಾ (ರಮ್, ಅನಾನಸ್, ಕಾಯಿಹಾಲಿನದು). ಎರಡನ್ನೂ ಐಸ್ ಹಾಕಿ ಗಟ್ಟಿಯಾಗಿ ರುಬ್ಬಿ ಒಂದರ ಮೇಲೊಂದು ತುಂಬುತ್ತಾರೆ. ಇಲ್ಲಿ ತೂಕಕ್ಕಿಂತ ಗಟ್ಟಿತನ ಮುಖ್ಯ. ಪುಡಿ ಐಸಿನ ಹರಳುಗಳು ಒಂದಕ್ಕೊಂದು ತಾಗಿ ಬಲೆಯಂತೆ ಹಿಡಿದುಕೊಂಡಿರುತ್ತವೆ. ಹಾಗಾಗಿ ಕೆಂಪನ್ನು ಮೇಲೆ ಹಾಕಿದರೂ ನಿಲ್ಲುತ್ತದೆ, ಕೆಳಗೆ ಹಾಕಿದರೂ ನಿಲ್ಲುತ್ತದೆ.

ಮೂರನೆಯದು ಲಾವಾ ಫ್ಲೋ. ಇಲ್ಲಿ ಒಂದು ಪದರ ಗಟ್ಟಿ, ಇನ್ನೊಂದು ತೆಳು. ಎರಡೂ ಸುಮ್ಮನೆ ನಿಂತುಬಿಟ್ಟರೆ ಅದು ಲಾವಾ ಫ್ಲೋ ಅಲ್ಲ. ಪೂರ್ತಿ ಬೆರೆತು ಗುಲಾಬಿ ಆದರೂ ಅಲ್ಲ. ಒಂದನ್ನೊಂದು ಮುಟ್ಟಬೇಕು, ಬೆರೆಯಬಾರದು. ಮನೆಯಲ್ಲಿ ಮಾಡುವಾಗ ಬರುವ ಕಷ್ಟವೆಲ್ಲ ಈ ಎರಡು ಮಾತಿನ ನಡುವೆಯೇ ಇದೆ.

ಕೆಂಪು ಮೇಲೇರುವುದು ಹೇಗೆ? ಗಟ್ಟಿಯಾದ ಬಿಳಿ ಧಾರೆ ಬೀಳುವಾಗ ತನ್ನ ಭಾರಕ್ಕೆ ತೆಳು ಕೆಂಪಿನೊಳಗೆ ಇಳಿಯುತ್ತದೆ. ಅಲ್ಲಿದ್ದ ಕೆಂಪಿಗೆ ಜಾಗ ಬೇಕು. ಮಧ್ಯದಲ್ಲಿ ಬಿಳಿ ತುಂಬಿದೆ, ಕೆಳಗೆ ಗಾಜು. ಉಳಿದದ್ದು ಗೋಡೆಯ ಬದಿಯ ಸಂದು ಮಾತ್ರ. ಅಲ್ಲಿಂದ ಅದು ನುಸುಳಿಕೊಂಡು ಮೇಲೆ ಬರುತ್ತದೆ. ಬಿಳಿ ತೀರಾ ಗಟ್ಟಿ ಇದ್ದರೆ ಕೆಂಪಿನ ಮೇಲೆ ಮುಚ್ಚಳದ ಹಾಗೆ ಕೂತುಬಿಡುತ್ತದೆ. ತೀರಾ ನೀರಾಗಿದ್ದರೆ ಬಿದ್ದ ಕೂಡಲೇ ಕಲಸಿಹೋಗುತ್ತದೆ.

ಬಿಳಿ ಭಾಗ ಅಂದರೆ ಬಾಳೆಹಣ್ಣು ಸೇರಿಸಿದ ಪಿನ್ಯಾ ಕೊಲಾಡಾ. ಸ್ಪ್ಯಾನಿಷ್‌ನಲ್ಲಿ ಪಿನ್ಯಾ ಎಂದರೆ ಅನಾನಸ್, ಕೊಲಾಡಾ ಎಂದರೆ ಸೋಸಿದ್ದು. ಸೋಸಿದ ಅನಾನಸ್ ರಸ, ಅಷ್ಟೇ. ಹೆಸರಿನಲ್ಲಿ ತೆಂಗಿನ ಸುಳಿವೇ ಇಲ್ಲ. ಆದರೆ ಇವತ್ತು ಕಾಯಿಹಾಲಿಲ್ಲದ ಪಿನ್ಯಾ ಕೊಲಾಡಾವನ್ನು ಯಾರೂ ಒಪ್ಪುವುದಿಲ್ಲ. ಇದು ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪದ ಪಾನೀಯ. ಸಾನ್ ಹುವಾನ್ ನಗರದ ಕರೀಬೆ ಹಿಲ್ಟನ್ ಹೋಟೆಲಿನವರು ಇದು 1954ರಲ್ಲಿ ತಮ್ಮ ಬಾರಿನಲ್ಲೇ ಹುಟ್ಟಿತು ಅನ್ನುತ್ತಾರೆ. ಅದೇ ಊರಿನ ಬರಾಚಿನಾ ಎಂಬ ರೆಸ್ಟೋರೆಂಟ್ 1963ರಲ್ಲಿ ತಮ್ಮಲ್ಲಿ ಹುಟ್ಟಿತು ಅನ್ನುತ್ತದೆ. ಅವರ ವಾದ ಏನೇ ಇರಲಿ, 1978ರಲ್ಲಿ ಪೋರ್ಟೊ ರಿಕೊ ಇದನ್ನು ತನ್ನ ರಾಷ್ಟ್ರೀಯ ಪಾನೀಯ ಎಂದು ಘೋಷಿಸಿತು.

ಇನ್ನು ಸ್ಟ್ರಾಬೆರಿ. ಉಷ್ಣವಲಯದ ಹಣ್ಣುಗಳ ನಡುವೆ ಈ ಚಳಿಸೀಮೆಯ ಹಣ್ಣಿಗೇನು ಕೆಲಸ ಎಂದು ನನಗೆ ತುಂಬ ದಿನ ಅನ್ನಿಸಿತ್ತು. ಆಮೇಲೆ ತಿಳಿದ ಸಂಗತಿ ಖುಷಿ ಕೊಟ್ಟಿತು. ನಾವು ತಿನ್ನುವ ದೊಡ್ಡ ಸ್ಟ್ರಾಬೆರಿ 18ನೇ ಶತಮಾನದಲ್ಲಿ ಫ್ರಾನ್ಸಿನಲ್ಲಿ ಎರಡು ಅಮೆರಿಕದ ತಳಿಗಳು ಬೆರೆತು ಆದದ್ದು. ಅವುಗಳಲ್ಲಿ ಒಂದು ಕಡಲತೀರದ ಕಾಡು ಸ್ಟ್ರಾಬೆರಿ. ಅದೇ ಜಾತಿಯ ಗಿಡ ಹವಾಯಿಯ ಎತ್ತರದ ಬೆಟ್ಟಗಳಲ್ಲಿ ತಾನಾಗಿ ಬೆಳೆಯುತ್ತದೆ. ಅಲ್ಲಿನ ಭಾಷೆಯಲ್ಲಿ ಅದಕ್ಕೆ ಓಹೆಲೊ ಪಾಪಾ ಎಂಬ ಹೆಸರೂ ಇದೆ. ಹಾಗಾಗಿ ಆ ಕೆಂಪು ಹವಾಯಿಗೆ ಪೂರ್ತಿ ಹೊರಗಿನದೇನಲ್ಲ.

ಹೀಗೆ ಐಸ್ ಜೊತೆ ರುಬ್ಬಿದ ಪಾನೀಯಗಳನ್ನು ಫ್ರೋಜನ್ ಕಾಕ್‌ಟೇಲ್ ಅನ್ನುತ್ತಾರೆ. ಈ ಫ್ರೋಜನ್ ಎಂಬ ಪದವೂ ಸ್ವಲ್ಪ ದಾರಿ ತಪ್ಪಿಸುತ್ತದೆ. ಬಾರಿನ ಭಾಷೆಯಲ್ಲಿ ಫ್ರೋಜನ್ ಎಂದರೆ ಕಲ್ಲಿನಂತೆ ಗಟ್ಟಿಯಾದದ್ದಲ್ಲ. ಐಸ್ ಅಥವಾ ಫ್ರೀಜರಿನ ಹಣ್ಣಿನ ಜೊತೆ ರುಬ್ಬಿ, ಸುರಿಯುವ ಹದಕ್ಕೆ ತಂದದ್ದು. ಸಕ್ಕರೆ ಮತ್ತು ಮದ್ಯಸಾರ ಎರಡೂ ನೀರು ಹೆಪ್ಪುಗಟ್ಟುವುದನ್ನು ತಡೆಯುತ್ತವೆ. ಅದಕ್ಕೇ ಈ ಮಿಶ್ರಣ ಸೊನ್ನೆ ಡಿಗ್ರಿಗಿಂತ ಕೆಳಗಿದ್ದರೂ ಹರಿಯುತ್ತದೆ. ಮನೆಯ ಫ್ರೀಜರ್ ಸಾಮಾನ್ಯವಾಗಿ ಮೈನಸ್ 18 ಡಿಗ್ರಿ ಇರುತ್ತದೆ. ಶೇಕಡಾ 40 ಮದ್ಯಸಾರದ ರಮ್ ಬಾಟಲಿಯನ್ನು ಅದರೊಳಗೆ ಎಷ್ಟು ದಿನ ಇಟ್ಟರೂ ಗಟ್ಟಿಯಾಗುವುದಿಲ್ಲ. ರಮ್ ಬಿಟ್ಟು ಮಾಡುವವರು ಇದನ್ನು ನೆನಪಿಡಬೇಕು. ರಮ್ ಇಲ್ಲದಿದ್ದರೆ ಬಿಳಿ ಬೇಗ ಗಡುಸಾಗುತ್ತದೆ, ಒಂದೆರಡು ಚಮಚ ಅನಾನಸ್ ಜ್ಯೂಸ್ ಜಾಸ್ತಿ ಬೇಕು.

ಈಗ ಮಾಡುವ ವಿಷಯ. ಇದು ಎರಡು ಗ್ಲಾಸಿಗೆ, ಒಂದೊಂದು 400 ಮಿಲಿ ಹಿಡಿಸುವಂಥದ್ದು.

ಹಿಂದಿನ ರಾತ್ರಿಯೇ 200 ಗ್ರಾಂ ಅನಾನಸ್ ತುಂಡು ಮತ್ತು ಅರ್ಧ ಬಾಳೆಹಣ್ಣನ್ನು ಫ್ರೀಜರಿಗೆ ಹಾಕಿ. ತುಂಡುಗಳನ್ನು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ, ಇಲ್ಲದಿದ್ದರೆ ಒಂದೇ ಗಡ್ಡೆಯಾಗಿ ಮಿಕ್ಸಿ ತಿರುಗುವುದೇ ಇಲ್ಲ. ಹಣ್ಣನ್ನೇ ಐಸ್ ಮಾಡಿಕೊಂಡರೆ ಬೇರೆ ಐಸ್ ಕಡಿಮೆ ಸಾಕು. ಐಸ್ ಕಡಿಮೆಯಾದಷ್ಟೂ ರುಚಿ ಸಪ್ಪೆಯಾಗುವುದಿಲ್ಲ. ಬಾಳೆಹಣ್ಣು ಬೇಡ ಅನ್ನುವವರಿದ್ದಾರೆ. ನಾನಂತೂ ಬಿಡುವುದಿಲ್ಲ. ಅನಾನಸಿನಲ್ಲಿ ನೀರೇ ಹೆಚ್ಚು. ಬಾಳೆಹಣ್ಣು ಅದಕ್ಕೆ ನುಣುಪು ಕೊಡುತ್ತದೆ, ಧಾರೆ ಕಡಿಯದ ಹಾಗೆ ನೋಡಿಕೊಳ್ಳುತ್ತದೆ.

ತೆಂಗಿನ ವಿಷಯದಲ್ಲಿ ಒಂದು ಪದದ ಗೊಂದಲ ಇದೆ. ಡಬ್ಬಿಗಳ ಮೇಲೆ ಕೊಕೊನಟ್ ಕ್ರೀಮ್ ಎಂದಿದ್ದರೆ ಅದು ಸಕ್ಕರೆ ಇಲ್ಲದ ಗಟ್ಟಿ ಕಾಯಿಹಾಲು. ಕ್ರೀಮ್ ಆಫ್ ಕೊಕೊನಟ್ ಎಂದಿದ್ದರೆ ಅದು ಸಕ್ಕರೆ ಹಾಕಿ ಮಂದ ಮಾಡಿದ್ದು. ಕಾಕ್‌ಟೇಲಿಗೆ ಬೇಕಾದದ್ದು ಎರಡನೆಯದು. ಸಿಗದಿದ್ದರೆ ಮನೆಯಲ್ಲೇ ಆಗುತ್ತದೆ. 200 ಮಿಲಿ ಗಟ್ಟಿ ಕಾಯಿಹಾಲಿಗೆ 120 ಗ್ರಾಂ ಸಕ್ಕರೆ, ಒಂದು ಚಿಟಿಕೆ ಉಪ್ಪು ಹಾಕಿ, ಸಣ್ಣ ಉರಿಯಲ್ಲಿ ಸಕ್ಕರೆ ಕರಗುವವರೆಗೆ ಬಿಸಿ ಮಾಡಿ ಆರಿಸಿ. ಕುದಿಸಬೇಡಿ, ಹಾಲು ಒಡೆಯುತ್ತದೆ. ಇದರಲ್ಲಿ 90 ಮಿಲಿ ಸಾಕು, ಉಳಿದದ್ದನ್ನು ಫ್ರಿಜ್ಜಿನಲ್ಲಿಡಿ.

ಕಾಯಿಹಾಲಿನ ಬದಲು ಹಸುವಿನ ಹಾಲಿನ ಕೆನೆ ಅಥವಾ ಐಸ್‌ಕ್ರೀಮ್ ಹಾಕುವವರಿಗೆ ಒಂದು ಮಾತು. ಹಸಿ ಅನಾನಸಿನಲ್ಲಿ ಬ್ರೋಮೆಲೈನ್ ಎಂಬ ಕಿಣ್ವ ಇದೆ. ಅದು ಹಾಲಿನ ಪ್ರೋಟೀನನ್ನು ಒಡೆಯುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮಿಶ್ರಣ ಕಹಿಯಾಗುತ್ತದೆ. ಫ್ರೀಜರಿನಲ್ಲಿಟ್ಟರೂ ಆ ಕಿಣ್ವ ಸಾಯುವುದಿಲ್ಲ, ಬಿಸಿ ಮಾಡಿದರೆ ಮಾತ್ರ ಸಾಯುತ್ತದೆ. ಡಬ್ಬಿಯ ಅನಾನಸ್ ಆದರೆ ತೊಂದರೆ ಇಲ್ಲ, ಅದನ್ನು ಮೊದಲೇ ಬಿಸಿ ಮಾಡಿರುತ್ತಾರೆ.

ಮೊದಲು ಕೆಂಪು. 150 ಗ್ರಾಂ ಸ್ಟ್ರಾಬೆರಿ, ಒಂದು ದೊಡ್ಡ ಚಮಚ ಸಕ್ಕರೆ, ಒಂದು ಸಣ್ಣ ಚಮಚ ನಿಂಬೆರಸ, 45 ಮಿಲಿ ಬಿಳಿ ರಮ್. ರುಬ್ಬಿ ಸೋಸಿ. ಬೀಜ ಉಳಿದರೆ ಎಳೆ ಮೇಲೇರುವಾಗ ಗೋಡೆಗೆ ಚುಕ್ಕೆ ಚುಕ್ಕೆಯಾಗಿ ಅಂಟುತ್ತದೆ. ಇದನ್ನು ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಿ ಬೇಡ. ತಣ್ಣಗಿರಬೇಕು, ಆದರೆ ತೆಳುವಾಗಿಯೇ ಇರಬೇಕು. ಗ್ಲಾಸುಗಳನ್ನು ಮಾತ್ರ ಕಾಲು ಗಂಟೆ ಫ್ರೀಜರಿನಲ್ಲಿಡಿ.

ಆಮೇಲೆ ಬಿಳಿ. ಅನಾನಸ್ ತುಂಡು, ಬಾಳೆಹಣ್ಣು, 90 ಮಿಲಿ ಸಿಹಿ ಕಾಯಿಹಾಲು, 60 ಮಿಲಿ ಅನಾನಸ್ ಜ್ಯೂಸ್, 45 ಮಿಲಿ ರಮ್, ಐದಾರು ಐಸ್ ತುಂಡು. ದ್ರವವನ್ನು ಮೊದಲು ಹಾಕಿ, ಗಟ್ಟಿ ಪದಾರ್ಥ ಮೇಲೆ. ಬಿಟ್ಟು ಬಿಟ್ಟು ತಿರುಗಿಸಿ, ಕೊನೆಗೆ ಒಂದೇ ಸಮನೆ ತಿರುಗಿಸಿ. ಒಂದು ಚಮಚ ಎತ್ತಿ ಓರೆ ಮಾಡಿ ನೋಡಿ. ಮುದ್ದೆಯಾಗಿ ಬಿದ್ದರೆ ಜ್ಯೂಸ್ ಬೇಕು. ಹನಿಯಾಗಿ ಬಿದ್ದರೆ ಇನ್ನೆರಡು ತುಂಡು ಐಸ್ ಬೇಕು. ಅಗಲವಾದ ಧಾರೆಯಾಗಿ ಬಿದ್ದು, ಬಿದ್ದ ಕಡೆ ಕ್ಷಣ ಹೊತ್ತು ಗುರುತು ಉಳಿದರೆ ಅದೇ ಹದ.

ಈ ಹದ ಹೇಳುವುದಕ್ಕೆ ಹವಾಯಿ ಭಾಷೆಯಲ್ಲೇ ಎರಡು ಪದಗಳಿವೆ. ಭೂವಿಜ್ಞಾನಿಗಳು ಜಗತ್ತಿನ ಎಲ್ಲ ಕಡೆ ಅವನ್ನೇ ಬಳಸುತ್ತಾರೆ. ನುಣ್ಣಗೆ, ಹಗ್ಗ ಸುರುಳಿ ಸುತ್ತಿದ ಹಾಗೆ ಹರಿದು ಗಟ್ಟಿಯಾದ ಲಾವಾಗೆ ಪಾಹೊಎಹೊಎ. ಒರಟಾಗಿ, ಚೂರು ಚೂರಾಗಿ, ಕಾಲಿಟ್ಟರೆ ಚುಚ್ಚುವ ಲಾವಾಗೆ ಅಆ. ಗ್ಲಾಸಿನಲ್ಲಿ ಬೇಕಾದದ್ದು ಪಾಹೊಎಹೊಎ. ಮಿಕ್ಸಿಯನ್ನು ಬೇಗ ನಿಲ್ಲಿಸಿ ಐಸ್ ಚೂರು ಉಳಿಸಿದರೆ ಸಿಗುವುದು ಅಆ.

ನನ್ನ ಮೊದಲ ಪ್ರಯತ್ನದಲ್ಲಿ ಸಿಕ್ಕಿದ್ದು ಎರಡೂ ಅಲ್ಲ. ಗ್ಲಾಸು ಬೆಚ್ಚಗಿತ್ತು, ಬಿಳಿಯನ್ನು ನೇರವಾಗಿ ಮಧ್ಯಕ್ಕೆ ಎತ್ತರದಿಂದ ಸುರಿದೆ. ಅರ್ಧ ನಿಮಿಷದಲ್ಲಿ ಎಲ್ಲ ಗುಲಾಬಿ. ರುಚಿಯಾಗಿತ್ತು, ಆದರೆ ಲಾವಾ ಇರಲಿಲ್ಲ. ಎರಡನೇ ಸಲ ಅಕ್ಕನ ಮಗಳಿಗೆ ರಮ್ ಇಲ್ಲದ್ದು ಮಾಡುವಾಗ ಕೈ ಕುದುರಿತು. ತಣ್ಣಗಿನ ಗ್ಲಾಸಿಗೆ ಎರಡು ಬೆರಳು ಎತ್ತರ ಕೆಂಪು ಹಾಕಿದೆ. ಗ್ಲಾಸನ್ನು ಓರೆಯಾಗಿ ಹಿಡಿದು, ಜಾರಿನ ಬಾಯನ್ನು ಅಂಚಿಗೆ ತಾಗಿಸಿ, ಒಳಗೋಡೆಯ ಮೇಲೆ ಬಿಳಿಯನ್ನು ಜಾರಿಸಿದೆ. ಮೊದಲ ಗುಟುಕಿನಷ್ಟು ಬಿದ್ದಾಗ ಏನೂ ಆಗಲಿಲ್ಲ. ಕೆಂಪು ಒಂದು ಕಡೆ ಸರಿದು ನಿಂತಿತು. ಇನ್ನಷ್ಟು ಬಿದ್ದಾಗ ಎದುರಿನ ಗೋಡೆಯಲ್ಲಿ ಒಂದು ನಾಲಿಗೆ ಮೂಡಿತು. ಗ್ಲಾಸನ್ನು ಮೆಲ್ಲಗೆ ನೆಟ್ಟಗೆ ಮಾಡುತ್ತಾ ಬಂದ ಹಾಗೆ ಅದು ಕವಲೊಡೆಯಿತು. ಒಂದು ಎಳೆ ತೆಳ್ಳಗೆ ಕಂಠದವರೆಗೂ ಹೋಯಿತು, ಇನ್ನೊಂದು ಅರ್ಧದಲ್ಲೇ ಬಾಗಿ ಬಿಳಿಯೊಳಗೆ ಸುತ್ತಿಕೊಂಡಿತು. "ಚಿಕ್ಕಮ್ಮಾ, ಮೇಲೆ ಬಂತು ನೋಡು!" ಎಂದು ಅವಳು ಮೇಜಿಗೆ ಗಲ್ಲ ಊರಿ ಕೂತೇಬಿಟ್ಟಳು.

ಎಳೆ ಬರದಿದ್ದರೆ ಒಂದು ಉಪಾಯ ಇದೆ. ಉದ್ದನೆಯ ಚಮಚದ ಹಿಡಿಯನ್ನು ಗೋಡೆ ಪಕ್ಕದಲ್ಲಿ ತಳದವರೆಗೆ ಇಳಿಸಿ, ಹಾಗೇ ನೇರವಾಗಿ ಮೇಲೆ ಎಳೆಯಿರಿ. ಕೆಂಪು ಅದರ ಹಿಂದೆಯೇ ಬರುತ್ತದೆ. ಗ್ಲಾಸಿಗೆ ಎರಡು ಕಡೆ ಸಾಕು. ಜಾಸ್ತಿ ಮಾಡಿದರೆ ಅದು ಕಲಸುವುದೇ ಆಗುತ್ತದೆ.

ಕುಡಿಯುವಾಗ ಕಲಕಬೇಡಿ. ಸ್ಟ್ರಾ ತಳಕ್ಕೆ ಹಾಕಿದರೆ ಮೊದಲು ಸ್ಟ್ರಾಬೆರಿಯ ಹುಳಿ ಸಿಗುತ್ತದೆ, ಸ್ಟ್ರಾ ಮೇಲೆ ತಂದ ಹಾಗೆ ತೆಂಗಿನ ಸಿಹಿ. ಎರಡರ ನಡುವಿನ ಜಾಗದಲ್ಲಿ ಎರಡೂ ಒಟ್ಟಿಗೆ. ಐಸ್ ಕರಗುತ್ತಾ ಬಂದರೆ ಬಲೆ ಸಡಿಲವಾಗಿ ಬಣ್ಣಗಳು ತಾವಾಗಿಯೇ ಬೆರೆತುಬಿಡುತ್ತವೆ. ಹಾಗಾಗಿ ಎಲ್ಲರೂ ಬಂದು ಕೂತ ಮೇಲೆಯೇ ಸುರಿಯಿರಿ, ಅವರ ಕಣ್ಣೆದುರಿಗೇ.