ಎಪಿ ಫ್ರೆಂಚ್ ಬರೆಯಲಾ, ಡೆಲ್ಫ್ ಬರೆಯಲಾ?

ಪ್ರಶ್ನೆ: ನಾಲ್ಕು ವರ್ಷದಿಂದ ಫ್ರೆಂಚ್ ಕಲಿಯುತ್ತಿದ್ದೇನೆ. ಈಗ ಹನ್ನೊಂದನೇ ತರಗತಿ. ಅಮೆರಿಕದಲ್ಲಿ ಸೀಟು ಸಿಗುವುದೇ ಕಷ್ಟ ಅನ್ನುವಂಥ ಒಂದೆರಡು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಬೇಕು. ಎಪಿ (ಅಮೆರಿಕದ ಹೈಸ್ಕೂಲ್ ಮಕ್ಕಳು ಬರೆಯುವ ಕಾಲೇಜು ಮಟ್ಟದ ಪರೀಕ್ಷೆ) ಒಳ್ಳೆಯದೋ, ಡೆಲ್ಫೋ (ಫ್ರಾನ್ಸ್ ಸರ್ಕಾರ ಪ್ರಮಾಣಪತ್ರ ಕೊಡುವ ಫ್ರೆಂಚ್ ಪರೀಕ್ಷೆ)? ಎಸ್‌ಎಟಿ (ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆ) ಫ್ರೆಂಚ್ ಬರೆದರೆ ಜಾಸ್ತಿ ಬೆಲೆ ಅಂತಲೂ ಒಬ್ಬರು ಹೇಳಿದರು.

ಉತ್ತರ: ಆ ಕೊನೆಯ ಮಾತನ್ನು ಮೊದಲು ಬಿಟ್ಟುಬಿಡಿ. ಎಸ್‌ಎಟಿಯಲ್ಲಿ ಒಂದೊಂದು ವಿಷಯಕ್ಕೆ ಬೇರೆ ಬೇರೆ ಪರೀಕ್ಷೆ ಇತ್ತಲ್ಲ, ಅವೆಲ್ಲ 2021ರಲ್ಲೇ ನಿಂತವು. ಅಮೆರಿಕದ ಹೊರಗಿನವರಿಗೆ ಆ ವರ್ಷದ ಜೂನ್ ಕೊನೆ. ನಿಮಗೆ ಹೇಳಿದವರು ಪಾಪ, ಯಾವುದೋ ಹಳೇ ಗೈಡ್ ಓದಿರಬೇಕು.

ಉಳಿದ ಎರಡರಲ್ಲಿ ನನ್ನ ಓಟು ಎಪಿಗೆ. ಆದರೆ ಒಂದು ಷರತ್ತು: ಈ ಮೇ ತಿಂಗಳಲ್ಲೇ ಬರೆಯಲು ಆಗಬೇಕು. ಎಪಿ ಇರುವುದು ವರ್ಷಕ್ಕೊಮ್ಮೆ, ಮೇನಲ್ಲಿ. ಅಂಕ ಬರುವುದು ಜುಲೈ ಹೊತ್ತಿಗೆ. ಅರ್ಜಿಯ ಗಡುವು ನವೆಂಬರ್ ಅಥವಾ ಜನವರಿ. ಹನ್ನೆರಡನೇ ತರಗತಿಯ ಮೇನಲ್ಲಿ ಬರೆದರೆ, ಸೀಟು ಸಿಕ್ಕಿತೋ ಇಲ್ಲವೋ ಅನ್ನುವುದು ಅಷ್ಟರಲ್ಲಿ ತೀರ್ಮಾನವಾಗಿ ಹೋಗಿರುತ್ತದೆ. ಹೆಸರು ಕೊಡುವ ಕೆಲಸವೂ ಸಾಮಾನ್ಯವಾಗಿ ಹಿಂದಿನ ನವೆಂಬರಿನೊಳಗೆ ಮುಗಿಯಬೇಕು. ಹೊರಗಿನವರಿಗೂ ಕೂರಲು ಬಿಡುವ ಶಾಲೆ ಹತ್ತಿರದಲ್ಲಿ ಇದೆಯಾ ಅಂತ ಈಗಲೇ ವಿಚಾರಿಸಿ.

ಎಪಿ ಯಾಕೆ? ಅಲ್ಲಿ ಅರ್ಜಿ ಓದುವವರಿಗೆ ಅದು ದಿನಾ ಕಣ್ಣಿಗೆ ಬೀಳುವ ಅಂಕ. 1ರಿಂದ 5ರವರೆಗಿನ ಅಳತೆಯಲ್ಲಿ 5 ಅಂದರೆ ಏನು ಅಂತ ಯಾರೂ ವಿವರಿಸಬೇಕಿಲ್ಲ. ಇನ್ನೊಂದು ಅನುಕೂಲವೂ ಇದೆ. ಅಂಕ ಚೆನ್ನಾಗಿ ಬರದಿದ್ದರೆ ಹೆಚ್ಚಿನ ಕಡೆ ಅದನ್ನು ಅರ್ಜಿಯಲ್ಲಿ ಹೇಳದೆಯೇ ಇರಬಹುದು.

ಡೆಲ್ಫ್ ಜಾಯಮಾನವೇ ಬೇರೆ. ಅದರಲ್ಲಿ ಮಟ್ಟವನ್ನು ನೀವೇ ಮೊದಲು ಆರಿಸಬೇಕು: ಎ1, ಎ2, ಬಿ1, ಬಿ2. ಎ1 ಶುರುವಿನದು, ಬಿ2 ಇವುಗಳಲ್ಲಿ ಎಲ್ಲಕ್ಕಿಂತ ಮೇಲಿನದು. ಓದು, ಬರಹ, ಆಲಿಸುವುದು, ಮಾತು, ಒಂದೊಂದಕ್ಕೂ 25 ಅಂಕ. ಒಟ್ಟು 50 ಬಂದರೆ ಪಾಸು, ಆದರೆ ಯಾವ ಭಾಗದಲ್ಲೂ 5ಕ್ಕಿಂತ ಕಡಿಮೆ ಬರಬಾರದು. ಎಪಿಯಲ್ಲಿ ಮಾತನ್ನು ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಇಲ್ಲಿ ಪರೀಕ್ಷಕರ ಎದುರು ಕೂತೇ ಮಾತಾಡಬೇಕು. ಬಿ2ನಲ್ಲಂತೂ ಒಂದು ಸಣ್ಣ ಬರಹ ಕೊಟ್ಟು, ಅದರ ಮೇಲೆ ನಿಮ್ಮ ನಿಲುವು ಹೇಳಿ, ಸಮರ್ಥಿಸಿ ಅನ್ನುತ್ತಾರೆ. ನನ್ನ ಕೇಳಿದರೆ ಭಾಷೆ ಬರುತ್ತದಾ ಅಂತ ನೋಡಲು ಇದೇ ಸರಿಯಾದ ದಾರಿ. ಅಮೆರಿಕದವರಿಗೆ ಇದರ ಪರಿಚಯ ಕಡಿಮೆ, ಅಷ್ಟೇ. ಪ್ರಮಾಣಪತ್ರಕ್ಕೆ ಅವಧಿ ಮುಗಿಯುವ ಭಯ ಇಲ್ಲ. ಅದೇ ಫ್ರೆಂಚಿನ ಇನ್ನೊಂದು ಪರೀಕ್ಷೆ ಟಿಸಿಎಫ್ ಆದರೆ ಎರಡೇ ವರ್ಷ.

ಹಾಗಾಗಿ ಮೇ ಅವಕಾಶ ಕೈತಪ್ಪಿದರೆ ಡೆಲ್ಫ್ ಬರೆಯಿರಿ. ಮಟ್ಟದ ವಿಷಯದಲ್ಲಿ ಮಾತ್ರ ಆಸೆಬುರುಕತನ ಬೇಡ. ಬಿ2ನಲ್ಲಿ ಫೇಲ್ ಆದರೆ ಅವರೇ ನಿಮಗೆ ಬಿ1 ಕೊಟ್ಟು ಕಳಿಸುವುದಿಲ್ಲ. ಹಳೇ ಪ್ರಶ್ನೆಪತ್ರಿಕೆ ತೆಗೆದು, ಗಡಿಯಾರ ಇಟ್ಟುಕೊಂಡು ಬರೆದು ನೋಡಿ, ಆಮೇಲೆ ಶುಲ್ಕ ಕಟ್ಟಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಹಿ ಮಾತು. ಅಮೆರಿಕದ ಅರ್ಜಿಯಲ್ಲಿ ಈ ಪರೀಕ್ಷೆ ಉಪ್ಪಿನಕಾಯಿ ಇದ್ದ ಹಾಗೆ, ಊಟ ಅಲ್ಲ. ಹಾರ್ವರ್ಡ್ ಕೂಡ ಹೇಳುವುದು ಒಂದೇ ವಿದೇಶಿ ಭಾಷೆಯನ್ನು ನಾಲ್ಕು ವರ್ಷ ಓದಿದ್ದರೆ ಒಳ್ಳೆಯದು ಅಂತ. ಅದು ನಿಮ್ಮ ಹತ್ತಿರ ಆಗಲೇ ಇದೆ. ಪಟ್ಟಿ ಉದ್ದವಾಗಲಿ ಅಂತ ಸುಮ್ನೆ ಈಗ ಸ್ಪ್ಯಾನಿಶ್ ಶುರು ಮಾಡಬೇಡಿ. ಮನೆಯಲ್ಲೇ ಆಡುವ ಭಾಷೆಯಲ್ಲಿ ಪರೀಕ್ಷೆ ಬರೆದು 5 ತಂದರೂ ಅರ್ಜಿ ಓದುವವರು ಅದು ಮನೆಮಾತು ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ನೋಡುತ್ತಾರೆ ಅಲ್ವಾ?

ಮುಂದೆ ಮನಸ್ಸು ಬದಲಾಗಿ ಫ್ರಾನ್ಸಿನಲ್ಲೇ, ಫ್ರೆಂಚ್‌ನಲ್ಲೇ ಓದಬೇಕು ಅನ್ನಿಸಿದರೆ ಲೆಕ್ಕ ತಲೆಕೆಳಗಾಗುತ್ತದೆ. ಆಗ ಭಾಷಾ ಪರೀಕ್ಷೆಯೇ ಬಾಗಿಲು. ಪದವಿಗೆ ಹಲವು ಕಡೆ ಬಿ2 ಕೇಳುತ್ತಾರೆ. ಜರ್ಮನ್ ವಿಶ್ವವಿದ್ಯಾಲಯಗಳೂ ಹೀಗೆಯೇ, ಜರ್ಮನ್ ಭಾಷೆಯ ಪರೀಕ್ಷೆಯಾದ ಟೆಸ್ಟ್‌ಡಾಫ್‌ನ ನಾಲ್ಕೂ ಭಾಗದಲ್ಲಿ 4ನೇ ಮಟ್ಟ ಬೇಕು ಅನ್ನುವವರೇ ಜಾಸ್ತಿ. ಅಂಥ ಯೋಚನೆ ಸ್ವಲ್ಪವಾದರೂ ಇದ್ದರೆ ಎಪಿ ಬರೆದ ಮೇಲೂ ಬಿ2ಗೆ ಒಮ್ಮೆ ಕೂರಿ.